ಹೆಬ್ಬೆಟ್ಟಿನ ಗುರುತೂ ಸಂಚಾರ ಸ್ವಾತಂತ್ರ್ಯವೂ

ಹೆಬ್ಬೆಟ್ಟು ಎಂಬ ಮಾತಿಗೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಎರಡು ಅರ್ಥಗಳುಂಟು. ಮೊದಲನೆಯದು ಶಬ್ದಾರ್ಥ: ಹಿರಿದಾದ ಬೆಟ್ಟು, ಎಂದರೆ ದೊಡ್ಡ ಬೆರಳು. ಎರಡನೆಯದು ರೂಢಾರ್ಥ: ಅಕ್ಷರ ಬಾರದವನು. "ಅವನದು ಹೆಬ್ಬೆಟ್ಟು" ಎಂದರೆ ಸಾಕು, ಸಾಲಪತ್ರದ ಅಡಿಯಲ್ಲಿ ಮಸಿ ಬಳಿದ ಬೆರಳನ್ನು ಒತ್ತಿ, ಮೇಲೆ ಏನು ಬರೆದಿದೆಯೆಂಬುದನ್ನು ಅರಿಯದೆ ಎದ್ದು ಬರುವ ಮುಗ್ಧನ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಪಾಠಶಾಲೆಗಳು ಹುಟ್ಟಿದ ಕಾಲಕ್ಕೆ ಅವುಗಳ ಮೇಲೆ ಊರಿನವರು ಇಟ್ಟಿದ್ದ ನಿರೀಕ್ಷೆ ಬಹಳ ದೊಡ್ಡದೇನಲ್ಲ. ಮಗನು ರುಜು ಹಾಕುವಂತಾದರೆ ಸಾಕೆಂಬುದೇ ಅನೇಕ ತಂದೆಗಳ ಆಸೆಯಾಗಿತ್ತು. ಹೆಬ್ಬೆಟ್ಟಿನಿಂದ ರುಜುವಿಗೆ ಬಂದದ್ದು ಆ ಮನೆತನಗಳ ಪಾಲಿಗೆ ಒಂದು ಯುಗಾಂತರವೇ ಸರಿ.

ವಿಪರ್ಯಾಸವೆಂದರೆ, ಹಾಗೆ ರುಜು ಹಾಕಲು ಕಲಿತವರ ಮಕ್ಕಳು, ಮೊಮ್ಮಕ್ಕಳು ವೈದ್ಯರೂ ಇಂಜಿನಿಯರರೂ ಆಗಿ ಕಡಲಾಚೆಗೆ ಹೊರಟಾಗ ಅವರಿಂದ ಲೋಕವು ಮೊದಲು ಕೇಳುತ್ತಿರುವುದು ರುಜುವನ್ನಲ್ಲ, ಹೆಬ್ಬೆಟ್ಟನ್ನು. ಒಂದನ್ನಲ್ಲ, ಹತ್ತು ಬೆರಳುಗಳನ್ನೂ. ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ ತರುಣನು ಯೂರೋಪಿನ ಅಥವಾ ಇಂಗ್ಲೆಂಡಿನ ವೀಸಾ ಬೇಕೆಂದರೆ ಅಲ್ಲಿನ ಅರ್ಜಿ ಕೇಂದ್ರದಲ್ಲಿ ಗಾಜಿನ ಫಲಕದ ಮೇಲೆ ಮೊದಲು ನಾಲ್ಕು ಬೆರಳು, ಮತ್ತೆ ನಾಲ್ಕು ಬೆರಳು, ಕೊನೆಗೆ ಎರಡು ಹೆಬ್ಬೆರಳುಗಳನ್ನು ಇಡಬೇಕು. ಪರದೇಶದ ನಿಲ್ದಾಣದಲ್ಲಿ ಇಳಿದಾಗ ಪುನಃ ಅದೇ ವಿಧಿ. ಪಾದರಕ್ಷೆ ಕಳಚಬೇಕು, ಸೊಂಟದ ಪಟ್ಟಿ ಬಿಚ್ಚಬೇಕು, ಕೈಯೆತ್ತಿ ನಿಲ್ಲಬೇಕು. ಇದು ಕ್ಷೇಮಕ್ಕಾಗಿ ಎನ್ನುವವರುಂಟು. ಇದು ಮಾನಭಂಗ ಎನ್ನುವವರೂ ಉಂಟು. ಈ ಎರಡು ಮಾತುಗಳಲ್ಲಿ ಯಾವುದು ಎಲ್ಲಿಯವರೆಗೆ ಸಲ್ಲುತ್ತದೆಂಬುದು ವಿಚಾರಾರ್ಹವಾದ ವಿಷಯ.

ಪ್ರಯಾಣಿಕನ ಪರೀಕ್ಷೆ ಈ ಕಾಲದ ಸೃಷ್ಟಿಯೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷ ಶುಲ್ಕ ತೆತ್ತವನಿಗೆ ಅವನು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನು ಜನಪದವನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದೆ ಹೋದ ಜನಪದವಾಸಿಗೆ ಹನ್ನೆರಡು ಪಣ ದಂಡ. ಕೂಟಮುದ್ರೆ, ಎಂದರೆ ಖೋಟಾ ಮುದ್ರೆ ಹಿಡಿದವನಿಗೆ ಅದಕ್ಕಿಂತ ಹೆಚ್ಚಿನ ದಂಡ. ಈ ಮುದ್ರೆಯನ್ನು ದಾರಿಯಲ್ಲಿ ಪರಿಶೀಲಿಸುವ ಕೆಲಸ ವಿವೀತಾಧ್ಯಕ್ಷನದು, ಎಂದರೆ ಹುಲ್ಲುಗಾವಲುಗಳ ಅಧಿಕಾರಿಯದು. ಹುಲ್ಲುಗಾವಲು ಊರೂರುಗಳ ನಡುವಣ ನಿರ್ಜನ ಪ್ರದೇಶವಾದ್ದರಿಂದ ಕಳ್ಳರೂ ಶತ್ರುಚರರೂ ನುಸುಳುವುದು ಅಲ್ಲಿಂದಲೇ ಎಂಬ ಲೆಕ್ಕಾಚಾರ. ಅಮೃತಮಹಲ್ ಕಾವಲುಗಳ ನಡುವೆ ಬೆಳೆದ ಅಜ್ಜಂಪುರದವರಿಗೆ ಈ ಸಂಗತಿ ಸ್ವಾರಸ್ಯವಾಗಿ ತೋರೀತು. ಮುಂದೆ ಪಾರಸಿ ಭಾಷೆಯ ಮೂಲಕ ಬಂದ ರಹದಾರಿ ಎಂಬ ಶಬ್ದ ಕನ್ನಡದ ಕಾಗದಪತ್ರಗಳಲ್ಲಿ ಇದೇ ಅರ್ಥದಲ್ಲಿ ನೆಲೆಯೂರಿತು. ಪಾಸ್‌ಪೋರ್ಟು ಎಂಬುದು ಅದರ ಮೂರನೆಯ ಅವತಾರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೌಟಿಲ್ಯನ ಮುದ್ರೆ ಪ್ರಯಾಣಿಕನ ಕೈಯಲ್ಲಿರುವ ವಸ್ತು. ರಾಜ್ಯವು ಅವನಿಗೆ ಕೊಟ್ಟದ್ದು. ವಚನಕಾರರ ಅಂಕಿತವನ್ನೂ ಮುದ್ರಿಕೆಯೆಂದು ಕರೆಯುತ್ತಾರೆ. ಅದು ತಾನೇ ತನ್ನ ಮಾತಿಗೆ ಒಲಿದು ಇಟ್ಟುಕೊಂಡದ್ದು. ಇನ್ನೊಂದು ಬಗೆಯ ಮುದ್ರೆಯೂ ಇದೆ: ಕಬ್ಬಿಣ ಕಾಸಿ ದನದ ತೊಡೆಗೆ ಒತ್ತುವುದು. ಅದರಲ್ಲಿ ದನದ ಸಮ್ಮತಿಯ ಪ್ರಶ್ನೆಯೇ ಇಲ್ಲ. ಆ ಗುರುತು ದನದ ಹೆಸರನ್ನು ಹೇಳುವುದೂ ಇಲ್ಲ, ಒಡೆಯನ ಹೆಸರನ್ನು ಹೇಳುತ್ತದೆ. ಬೆರಳಮುದ್ರೆ ಈ ಮೂರರಲ್ಲಿ ಯಾವ ಜಾತಿಯದು? ಅದನ್ನು ತೆಗೆದುಕೊಳ್ಳುವ ಬಗೆಯನ್ನು ಹೊಂದಿ ಅದು ಯಾವುದೂ ಆಗಬಹುದು. ಈ ಜಿಜ್ಞಾಸೆಯ ಗಂಟು ಇರುವುದು ಇಲ್ಲಿಯೇ.

ಪರೀಕ್ಷೆಯ ಆದರ್ಶ ಹೇಗಿರಬೇಕೆಂಬುದಕ್ಕೆ ಸುಂದರಕಾಂಡಕ್ಕಿಂತ ಉತ್ತಮವಾದ ಪಾಠ ದೊರೆಯದು. ಸಮುದ್ರ ದಾಟಿ ಬಂದ ಹನುಮಂತನನ್ನು ಕಂಡಾಗ ಸೀತೆಯು ಕೂಡಲೇ ನಂಬುವುದಿಲ್ಲ. ವೇಷ ಮರೆಸಿಕೊಂಡು ಬಂದ ರಾವಣನೇ ಇವನಿರಬಹುದೆಂದು ಶಂಕಿಸುತ್ತಾಳೆ. ಒಮ್ಮೆ ವಂಚಿತಳಾದ ಆಕೆಯ ಶಂಕೆ ಸರ್ವಥಾ ನ್ಯಾಯವಾದದ್ದು. ಆದರೆ ಆಕೆ ಪ್ರಶ್ನೆ ಕೇಳುತ್ತಾಳೆ. ರಾಮಲಕ್ಷ್ಮಣರ ಲಕ್ಷಣಗಳೇನು, ನರರಿಗೂ ವಾನರರಿಗೂ ಸ್ನೇಹ ಕೂಡಿದ್ದು ಹೇಗೆ ಎಂದು ವಿಚಾರಿಸುತ್ತಾಳೆ. ಬಂದವನ ಉತ್ತರವನ್ನು ಪೂರ್ತಿಯಾಗಿ ಆಲಿಸುತ್ತಾಳೆ. ಆಮೇಲೆ ಅವನು ರಾಮನಾಮಾಂಕಿತವಾದ ಉಂಗುರವನ್ನು ಕೊಡುತ್ತಾನೆ. ಅಲ್ಲಿಗೆ ಸಂಶಯ ಮುಗಿಯಿತು. ವಾನರಕುಲವೇ ಶಂಕಾಸ್ಪದವೆಂದು ಆಕೆ ತೀರ್ಮಾನಿಸಲಿಲ್ಲ. ಉತ್ತರ ಸಿಕ್ಕಿದ ಮೇಲೂ ಶಂಕೆಯನ್ನು ಸಾಕಿಕೊಂಡಿರಲಿಲ್ಲ. ಮುಂದೆ ಹೇಳುವ ಸಂಗತಿಗಳನ್ನು ಈ ಅಳತೆಗೋಲಿನಿಂದ ಅಳೆದು ನೋಡಬಹುದು.

ಬೆರಳಮುದ್ರೆಯನ್ನು ಆಡಳಿತಕ್ಕೆ ತಂದ ಕೀರ್ತಿ, ಕೀರ್ತಿಯೆನ್ನಬಹುದಾದರೆ, ಭಾರತದ ನೆಲಕ್ಕೇ ಸಲ್ಲಬೇಕು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಹಿಂಬದಿಯಲ್ಲಿ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಮುಂದೆ ಕೊಟ್ಟ ಮಾತಿಗೆ ತಪ್ಪಬಾರದೆಂಬ ಹೆದರಿಕೆ ಹುಟ್ಟಿಸುವುದಷ್ಟೇ ಆಗ ಅವನ ಉದ್ದೇಶ. ತಾಯಿಯ ಗರ್ಭದಲ್ಲಿಯೇ ಮೂಡುವ ಆ ಗೆರೆಗಳು ಸಾಯುವ ತನಕ ಬದಲಾಗವೆಂದೂ, ಅವಳಿ ಮಕ್ಕಳಲ್ಲಿ ಕೂಡ ಒಂದೇ ತೆರನಾಗಿರವೆಂದೂ ವಿದ್ವಾಂಸರು ಕ್ರಮೇಣ ನಿಶ್ಚಯಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಮುದ್ರೆಗಳ ಪೊಲೀಸು ಕಚೇರಿ ಏರ್ಪಟ್ಟಿತು. ಸಾವಿರಾರು ಮುದ್ರೆಗಳ ನಡುವೆ ಬೇಕಾದ ಒಂದನ್ನು ಹುಡುಕಿ ತೆಗೆಯುವ ವರ್ಗೀಕರಣಕ್ಕೆ ಎಡ್ವರ್ಡ್ ಹೆನ್ರಿ ಎಂಬ ಪೊಲೀಸು ಮುಖ್ಯಾಧಿಕಾರಿಯ ಹೆಸರು ಬಂದಿದೆ. ಅದರ ಗಣಿತವನ್ನು ಕೂಡಿಸಿದವರು ಅವನ ಕೈಕೆಳಗಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯರು. ವಿದ್ಯೆ ಒಬ್ಬರದು, ಬಿರುದು ಇನ್ನೊಬ್ಬರದು, ಇದೇನೂ ಹೊಸತಲ್ಲ.

ಈ ಹೆನ್ರಿಯನ್ನು 1900ರಲ್ಲಿ ದಕ್ಷಿಣ ಆಫ್ರಿಕಕ್ಕೆ ಪೊಲೀಸು ವ್ಯವಸ್ಥೆಯ ಏರ್ಪಾಟಿಗಾಗಿ ಕಳುಹಿಸಲಾಯಿತು. ಅಲ್ಲಿನ ಟ್ರಾನ್ಸ್‌ವಾಲಿನಲ್ಲಿ ಕೆಲವೇ ವರ್ಷಗಳಲ್ಲಿ ಬೆರಳಮುದ್ರೆ ಭಾರತೀಯರ ಕೊರಳಿಗೆ ಸುತ್ತಿಕೊಂಡದ್ದು ಚರಿತ್ರೆ. 1906ರ ಆಗಸ್ಟಿನಲ್ಲಿ ಪ್ರಕಟವಾದ ಮಸೂದೆಯ ಪ್ರಕಾರ ಎಂಟು ವರ್ಷ ಮೀರಿದ ಪ್ರತಿಯೊಬ್ಬ ಏಷ್ಯಾವಾಸಿಯೂ ಹೆಸರು ನೋಂದಾಯಿಸಿ, ಬೆರಳಮುದ್ರೆ ಕೊಟ್ಟು, ಪತ್ರ ಪಡೆದು, ಪೊಲೀಸರು ಕೇಳಿದಲ್ಲಿ ಅದನ್ನು ತೋರಿಸಬೇಕು. ಗಾಂಧೀಜಿಯವರು ಹೆನ್ರಿಯ ಪುಸ್ತಕವನ್ನು ತರಿಸಿ ಓದಿದರು. ಕಾನೂನಿನಂತೆ ಬೆರಳಮುದ್ರೆ ತೆಗೆಯುವುದು ಅಪರಾಧಿಗಳಿಂದ ಮಾತ್ರ ಎಂಬುದು ಅವರಿಗೆ ಆ ಪುಸ್ತಕದಿಂದಲೇ ತಿಳಿಯಿತು. ಹಾಗಾದರೆ ವ್ಯಾಪಾರಿಯೂ ಕೂಲಿಯೂ ಮಗುವೂ ಮಾಡಿದ ಅಪರಾಧವೇನು? 1906ರ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಎಂಪೈರ್ ನಾಟಕಮಂದಿರದಲ್ಲಿ ನೆರೆದ ಸಭೆಯು ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿತು. ಸತ್ಯಾಗ್ರಹವೆಂಬ ಮಹಾವೃಕ್ಷದ ಬೀಜ ಬಿದ್ದದ್ದು ಬೆರಳಮುದ್ರೆಯ ಮಸಿಯಲ್ಲಿ ಎಂದರೆ ಉತ್ಪ್ರೇಕ್ಷೆಯಾಗದು.

ಈ ಕಥೆಯ ಉತ್ತರಾರ್ಧವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಆದರೆ ವಿಷಯದ ತಿರುಳು ಇರುವುದು ಅಲ್ಲಿಯೇ. 1908ರ ಜನವರಿಯಲ್ಲಿ ಸೆರೆಮನೆಯಲ್ಲಿದ್ದ ಗಾಂಧೀಜಿಯವರು ಜನರಲ್ ಸ್ಮಟ್ಸ್ ಜೊತೆ ಒಂದು ಒಪ್ಪಂದಕ್ಕೆ ಬಂದರು. ಭಾರತೀಯರು ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರೆ ಕಾನೂನನ್ನು ಹಿಂತೆಗೆಯಲಾಗುವುದೆಂಬುದು ಅವರು ಗ್ರಹಿಸಿದ ಷರತ್ತು. ನಿನ್ನೆಯವರೆಗೆ ಬೆರಳು ಕೊಡಬೇಡಿರೆಂದವರು ಇಂದು ಕೊಡಿರೆನ್ನುತ್ತಾರಲ್ಲ ಎಂದು ಸ್ವಜನರೇ ಸಿಡಿದೆದ್ದರು. ಫೆಬ್ರವರಿ 10ರಂದು ಕಚೇರಿಗೆ ನಡೆದು ಹೋಗುತ್ತಿದ್ದ ಅವರನ್ನು ಮೀರ್ ಆಲಂ ಎಂಬ ಪಠಾಣನು ಬೀದಿಯಲ್ಲಿ ಹೊಡೆದು ಕೆಡವಿದನು. ಪಾದ್ರಿ ಡೋಕ್ ಅವರ ಮನೆಯಲ್ಲಿ, ಗಾಯಗೊಂಡು ಮಲಗಿದ್ದಲ್ಲಿಗೇ ನೋಂದಣಿಯ ಕಾಗದಗಳನ್ನು ತರಿಸಿಕೊಂಡು ಗಾಂಧೀಜಿಯವರು ತಮ್ಮ ಬೆರಳುಗಳ ಮುದ್ರೆಯನ್ನು ಕೊಟ್ಟರು. ಬಲಾತ್ಕಾರದಿಂದ ಕೇಳಿದಾಗ ಯಾವುದು ಅವಮಾನವೋ ಅದನ್ನೇ ಮರ್ಯಾದೆಯಿಂದ ಕೇಳಿದಾಗ ಕೊಡುವುದು ಸೌಜನ್ಯವೆಂಬುದು ಅವರ ನಿಲುವು. ಸರ್ಕಾರ ಕಾನೂನನ್ನು ಹಿಂತೆಗೆಯಲಿಲ್ಲ. ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ದೊಡ್ಡ ಕಡಾಯಿಯಲ್ಲಿ ಹಾಕಿ ಸುಡಲಾಯಿತು. ಬೆರಳು ಅದೇ, ಮಸಿಯೂ ಅದೇ. ಬದಲಾದದ್ದು ಕೇಳಿದವರ ಮಾತಿನ ನಿಜ.

ಹುಟ್ಟಿನಿಂದಲೇ ಒಂದು ಜನವನ್ನು ಶಂಕಿತರೆಂದು ಎಣಿಸುವ ಪದ್ಧತಿ ಕನ್ನಡ ನೆಲದಲ್ಲಿಯೂ ನಡೆದುಹೋಗಿದೆ. 1871ರಲ್ಲಿ ಉತ್ತರ ಭಾರತಕ್ಕಾಗಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು 1911ರಲ್ಲಿ ಬ್ರಿಟಿಷ್ ಭಾರತದ ಇತರ ಪ್ರಾಂತಗಳಿಗೂ ವಿಸ್ತರಿಸಿದರು. ಅದರಂತೆ ಪಟ್ಟಿಗೆ ಸೇರಿದ ಸಮುದಾಯದವರ ಬೆರಳಮುದ್ರೆಯನ್ನು ಯಾವಾಗ ಬೇಕೆಂದರೆ ಆಗ ತೆಗೆಯಬಹುದಾಗಿತ್ತು. ಅವರು ಊರಿಂದ ಊರಿಗೆ ಹೋಗಬೇಕಾದರೆ ಪೊಲೀಸರಿಗೆ ವರದಿ ಒಪ್ಪಿಸಬೇಕಾಗಿತ್ತು. ಹುಬ್ಬಳ್ಳಿಯಲ್ಲಿ ಇಂತಹವರನ್ನು ಕೂಡಿಹಾಕಿದ್ದ ವಸತಿಗೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಅಳಿದಿಲ್ಲ. ತಲೆತಲಾಂತರದಿಂದ ನಡಿಗೆಯೇ ಬದುಕಾಗಿದ್ದ ಜನಕ್ಕೆ ನಡಿಗೆಯೇ ಅಪರಾಧವಾಯಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಅದು ಹಚ್ಚಿದ ಕಲೆ ರದ್ದಾಗಲು ಇನ್ನೂ ಕಾಲ ಹಿಡಿಯುತ್ತಿದೆ.

ಹಾಗೆಂದು ವಿಮಾನ ನಿಲ್ದಾಣದ ಕಟ್ಟುನಿಟ್ಟೆಲ್ಲ ದಬ್ಬಾಳಿಕೆಯೆಂದು ತಳ್ಳಿಹಾಕುವುದು ವಿವೇಕವಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನವು ಐರ್ಲೆಂಡಿನ ಕಡಲಿನ ಮೇಲೆ ಸಿಡಿದು 329 ಜನ ಮಡಿದರು. ಬಾಂಬಿದ್ದ ಪೆಟ್ಟಿಗೆ ವಿಮಾನವನ್ನೇರಿತ್ತು. ಪೆಟ್ಟಿಗೆಯ ಒಡೆಯ ಏರಿರಲಿಲ್ಲ. ಈ ಒಂದು ಸಣ್ಣ ಲೆಕ್ಕವನ್ನು ಅಂದು ಯಾರಾದರೂ ತಾಳೆ ನೋಡಿದ್ದರೆ ಅಷ್ಟು ಮನೆಗಳ ದೀಪ ಆರುತ್ತಿರಲಿಲ್ಲ. 2001ರ ಸೆಪ್ಟೆಂಬರ್ 11ರ ದುರಂತವಾದ ಮೇಲೆ ಅಮೆರಿಕವು 2004ರ ಜನವರಿ 5ರಿಂದ ವೀಸಾ ಪಡೆದು ಬರುವ ಪರದೇಶಿಗಳ ಎರಡು ತೋರುಬೆರಳುಗಳ ಮುದ್ರೆ ತೆಗೆಯತೊಡಗಿತು; ಕೆಲವು ವರ್ಷಗಳಲ್ಲಿ ಎರಡು ಹತ್ತಾಯಿತು. ಬ್ರೆಜಿಲಿನ ನ್ಯಾಯಾಧೀಶರೊಬ್ಬರು ತಮ್ಮ ದೇಶಕ್ಕೆ ಬರುವ ಅಮೆರಿಕದವರ ಬೆರಳನ್ನೂ ಹಾಗೆಯೇ ಒತ್ತಿಸಿರೆಂದು ಆಜ್ಞೆ ಮಾಡಿದರು! ಜಪಾನು 2007ರ ನವೆಂಬರಿನಲ್ಲಿ ಅದೇ ದಾರಿ ಹಿಡಿಯಿತು. ಯೂರೋಪಿನ ಇಪ್ಪತ್ತೊಂಬತ್ತು ದೇಶಗಳು 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಹೊಡೆಯುವ ಪದ್ಧತಿಯ ಬದಲಿಗೆ ಮುಖದ ಚಿತ್ರವನ್ನೂ ಬೆರಳಿನ ಗುರುತನ್ನೂ ದಾಖಲಿಸುವ ಏರ್ಪಾಟನ್ನು ಹಂತಹಂತವಾಗಿ ಜಾರಿಗೆ ತರತೊಡಗಿದವು.

ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರಿಗೂ ಈ ಕಟ್ಟುನಿಟ್ಟಿನಿಂದ ವಿನಾಯಿತಿ ಸಿಗಲಿಲ್ಲ. ಅಮೆರಿಕದ ನಿಲ್ದಾಣದಲ್ಲಿ ಎರಡು ಸಲ ಅವರ ಉಡುಪು ಕಳಚಿಸಿ ಶೋಧನೆ ಮಾಡಿದರೆಂಬ ಸಂಗತಿಯನ್ನು ಅಲ್ಲಿನ ವಿದೇಶಾಂಗ ಇಲಾಖೆಯ ಮಾಜಿ ಉಪಕಾರ್ಯದರ್ಶಿ ಸ್ಟ್ರೋಬ್ ಟಾಲ್ಬಟ್ 2004ರ ತಮ್ಮ ಗ್ರಂಥದಲ್ಲಿ ಹೊರಗೆಡಹಿದರು. ಅಮೆರಿಕ ಸರ್ಕಾರ ಅವರ ಕ್ಷಮೆ ಕೇಳಿತು. ಸಚಿವರಿಗೆ ಕ್ಷಮೆ ದೊರೆಯಿತು, ಸರಿ. ಅದೇ ಸಾಲಿನಲ್ಲಿ ಅವರ ಹಿಂದೆಯೋ ಮುಂದೆಯೋ ನಿಂತಿದ್ದ ಸಾಮಾನ್ಯನಿಗೆ ಯಾರು ದೂರವಾಣಿ ಮಾಡಿದರು? ಅಧಿಕಾರಸ್ಥರಿಗೆ ರಿಯಾಯಿತಿಯನ್ನು ಬೇಡುವುದಕ್ಕಿಂತ ಎಲ್ಲರಿಗೂ ಸಲ್ಲುವ ಮರ್ಯಾದೆಯನ್ನು ಬೇಡುವುದೇ ಇಲ್ಲಿ ಯುಕ್ತವಾದದ್ದು.

ಇಷ್ಟೆಲ್ಲ ದೂರದ ಮಾತಾಯಿತು. 1947ರವರೆಗೆ ಕಡೂರು ಜಿಲ್ಲೆಯೆಂದೇ ಕರೆಯಿಸಿಕೊಳ್ಳುತ್ತಿದ್ದ ಚಿಕ್ಕಮಗಳೂರು ಜಿಲ್ಲೆಯ ಒಬ್ಬ ವೈದ್ಯರಿಗೆ ಒದಗಿದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡುವುದು ಇಲ್ಲಿ ಅವಶ್ಯ. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಶಿಕ್ಷಣ ಪಡೆದ ಡಾ. ಮೊಹಮದ್ ಹನೀಫ್ ಅವರು ಮೊದಲು ಇಂಗ್ಲೆಂಡಿನಲ್ಲಿಯೂ ಅನಂತರ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ನಗರದ ಆಸ್ಪತ್ರೆಯಲ್ಲಿಯೂ ಕೆಲಸದಲ್ಲಿದ್ದರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದ ಪ್ರಕರಣದಲ್ಲಿ ಸಿಕ್ಕಿಬಿದ್ದವನು ಅವರ ದೂರದ ಸೋದರಸಂಬಂಧಿ. ಅವನ ತಮ್ಮನಿಗೆ ಡಾ. ಹನೀಫರು ಒಂದು ವರ್ಷದ ಹಿಂದೆ ಇಂಗ್ಲೆಂಡು ಬಿಡುವಾಗ ತಮ್ಮ ದೂರವಾಣಿಯ ಸಿಮ್ ಕಾರ್ಡನ್ನು ಬಿಟ್ಟುಕೊಟ್ಟು ಬಂದಿದ್ದರು. ಪರದೇಶ ಬಿಡುವ ತರುಣರು ಪಾತ್ರೆಪಡಗವನ್ನು ಉಳಿದವರಿಗೆ ಬಿಟ್ಟು ಬರುವಂತೆ ಅದೂ ಒಂದು. ಜುಲೈ 2ರ ರಾತ್ರಿ, ಕೆಲವೇ ದಿನಗಳ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ಹೆಣ್ಣು ಕೂಸನ್ನು ನೋಡಲು ಹೊರಟಿದ್ದ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಹೋಗುವ ಟಿಕೆಟು ಮಾತ್ರ ಇತ್ತು, ಬರುವ ಟಿಕೆಟು ಇರಲಿಲ್ಲವೆಂಬುದು ಶಂಕೆಗೆ ಒಂದು ಕಾರಣ. ಹೊರಡುವ ಮುನ್ನ ಇಂಗ್ಲೆಂಡಿನ ಪೊಲೀಸು ಅಧಿಕಾರಿಯೊಬ್ಬರಿಗೆ ತಾವಾಗಿಯೇ ಹಲವು ಸಲ ದೂರವಾಣಿ ಮಾಡಲು ಯತ್ನಿಸಿದ್ದೆನೆಂದು ಅವರು ಹೇಳಿದ ಮಾತು ಮೊದಮೊದಲು ಯಾರ ಲೆಕ್ಕಕ್ಕೂ ಬರಲಿಲ್ಲ.

ಆರೋಪವೇ ಇಲ್ಲದೆ ಹನ್ನೆರಡು ದಿನ ಅವರನ್ನು ಹಿಡಿದಿಟ್ಟರು. ಜುಲೈ 14ರಂದು ಆರೋಪ ಹೊರಿಸಿದರು. ಸಿಮ್ ಕಾರ್ಡು ಉರಿದ ಜೀಪಿನಲ್ಲಿಯೇ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ವಾಸ್ತವವಾಗಿ ಅದು ಸಿಕ್ಕಿದ್ದು ಬಹುದೂರದ ಲಿವರ್‌ಪೂಲಿನಲ್ಲಿ, ತಮ್ಮನ ಬಳಿ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಅದೇ ದಿನ ವಲಸೆ ಖಾತೆಯ ಸಚಿವರು ಅವರ ವೀಸಾವನ್ನೇ ರದ್ದು ಮಾಡಿ ಜಾಮೀನನ್ನು ನಿರರ್ಥಕಗೊಳಿಸಿದರು. ನ್ಯಾಯಾಲಯ ತೆರೆದ ಬಾಗಿಲನ್ನು ಕಚೇರಿ ಮುಚ್ಚಿತು. ಆಗ ಅವರ ವಕೀಲರಾದ ಸ್ಟೀಫನ್ ಕೀಮ್, ಪೊಲೀಸರ ವಿಚಾರಣೆಯ ಪೂರ್ಣ ಪಾಠವನ್ನು ಪತ್ರಿಕೆಗೆ ಕೊಟ್ಟರು. ಜನ ಓದಿದರು; ಪ್ರಶ್ನೆಗಳಿಗೆ ವೈದ್ಯರು ಕೊಟ್ಟಿದ್ದ ನೇರವಾದ ಉತ್ತರಗಳನ್ನು ಕಂಡರು; ಲೋಕಾಭಿಪ್ರಾಯ ತಿರುಗಿತು. ಜುಲೈ 27ರಂದು ಆರೋಪವನ್ನು ಹಿಂತೆಗೆಯಲಾಯಿತು, ಎರಡು ದಿನದಲ್ಲಿ ಅವರು ಬೆಂಗಳೂರಿಗೆ ಬಂದು ಮಗುವಿನ ಮುಖ ನೋಡಿದರು. ಆಗಸ್ಟ್ 21ರಂದು ಫೆಡರಲ್ ನ್ಯಾಯಾಲಯವು ವೀಸಾ ರದ್ದತಿಯನ್ನು ಅನೂರ್ಜಿತಗೊಳಿಸಿತು. ಸಂಬಂಧ ಎಂಬ ಶಬ್ದವನ್ನು ಸಚಿವರು ಅತಿ ವಿಸ್ತಾರವಾಗಿ ಹಿಗ್ಗಿಸಿದ್ದರು. ಬಂಧುವಾಗಿರುವುದು ಬೇರೆ, ದುಷ್ಕೃತ್ಯದಲ್ಲಿ ಸಂಬಂಧವಿರುವುದು ಬೇರೆ ಎಂಬುದು ತೀರ್ಪಿನ ತಾತ್ಪರ್ಯ. ಮೇಲ್ಮನವಿಯಲ್ಲಿಯೂ ಅದೇ ಸ್ಥಿರವಾಯಿತು. 2008ರಲ್ಲಿ ನ್ಯಾಯಮೂರ್ತಿ ಕ್ಲಾರ್ಕ್ ಅವರ ವಿಚಾರಣಾ ವರದಿ ಈ ಆರೋಪವನ್ನು ಹೊರಿಸಲೇಬಾರದಾಗಿತ್ತೆಂದು ಕಂಡಿತು. 2010ರಲ್ಲಿ ಪರಿಹಾರವೂ ದೊರೆಯಿತು.

ಈ ಪ್ರಸಂಗವನ್ನು ಸುಂದರಕಾಂಡದ ಪಕ್ಕದಲ್ಲಿಟ್ಟು ನೋಡಬೇಕು. ಗ್ಲಾಸ್ಗೊದಲ್ಲಿ ಜೀಪು ಉರಿದ ಎರಡನೆಯ ದಿನ ಸಂಬಂಧಿಯೊಬ್ಬನನ್ನು ನಿಲ್ಲಿಸಿ ಪ್ರಶ್ನಿಸಿದ್ದನ್ನು ಯಾರೂ ತಪ್ಪೆನ್ನಲಾರರು. ಅದು ಸೀತೆಯ ಶಂಕೆ. ಉತ್ತರ ಕೇಳಿಸಿಕೊಂಡ ಮೇಲೂ ಶಂಕೆಯನ್ನು ಬಿಡದೆ, ಒಂದು ಕೈಯಿಂದ ಜಾರಿದಾಗ ಇನ್ನೊಂದು ಕೈಯಿಂದ ಹಿಡಿದುಕೊಂಡದ್ದು ತಪ್ಪು. ಆ ತಪ್ಪನ್ನು ತಿದ್ದಿದವರು ಯಾರೆಂಬುದೂ ಗಮನಾರ್ಹ. ಅದೇ ದೇಶದ ಮ್ಯಾಜಿಸ್ಟ್ರೇಟರು, ವಕೀಲರು, ಪತ್ರಿಕೆಗಳು, ನ್ಯಾಯಾಧೀಶರು. ಪರದೇಶಿಯೊಬ್ಬನಿಗಾಗಿ ತಮ್ಮ ಸರ್ಕಾರದ ವಿರುದ್ಧ ನಿಂತ ಅವರ ಋಣವನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ.

ಯಂತ್ರ ತಪ್ಪುವುದಿಲ್ಲವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. 2004ರ ಮಾರ್ಚಿನಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ರೈಲುಗಳನ್ನು ಸಿಡಿಸಿದವರ ಚೀಲದ ಮೇಲಿದ್ದ ಬೆರಳಮುದ್ರೆ ತಮ್ಮ ದೇಶದ ಬ್ರಾಂಡನ್ ಮೇಫೀಲ್ಡ್ ಎಂಬ ವಕೀಲರದೆಂದು ಅಮೆರಿಕದ ಶೋಧನಾ ಇಲಾಖೆ ಖಂಡಿತವಾಗಿ ಹೇಳಿತು. ಅವರೋ, ಎಷ್ಟೋ ವರ್ಷಗಳಿಂದ ದೇಶ ಬಿಟ್ಟು ಹೊರಗೇ ಹೋಗಿರಲಿಲ್ಲ. ಎರಡು ವಾರ ಅವರನ್ನು ಬಂಧನದಲ್ಲಿಟ್ಟ ಮೇಲೆ ಸ್ಪೇನಿನ ಪೊಲೀಸರು ಆ ಮುದ್ರೆ ಬೇರೊಬ್ಬನದೆಂದು ತೋರಿಸಿಕೊಟ್ಟರು. ಗೆರೆ ಸುಳ್ಳು ಹೇಳದಿರಬಹುದು. ಗೆರೆಯನ್ನು ಓದುವವನು ಮನುಷ್ಯನೇ ತಾನೆ?

ಸ್ವದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಬೆರಳಮುದ್ರೆ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲವೆಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲಿ ತೀರ್ಮಾನಿಸಿತು. ಇನ್ನೊಂದು ಕಡೆ, ಹೊರದೇಶಕ್ಕೆ ಹೋಗಿ ಬರುವುದು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು 1965ರಷ್ಟು ಹಿಂದೆಯೇ ಸಾರಿದ ನ್ಯಾಯಾಲಯಗಳಲ್ಲಿ ಮೈಸೂರಿನ ಹೈಕೋರ್ಟು ಒಂದೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆವರೆಗೆ ಪಾಸ್‌ಪೋರ್ಟು ಕೊಡುವುದೂ ಬಿಡುವುದೂ ಸರ್ಕಾರದ ಚಿತ್ತಕ್ಕೆ ಸೇರಿದ್ದಾಗಿತ್ತು. ಅದಕ್ಕೊಂದು ಸರಿಯಾದ ಕಾನೂನೇ ಇರಲಿಲ್ಲ. 1967ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮೂರಕ್ಕೆ ಎರಡರ ಬಹುಮತದಿಂದ ಅದೇ ಅಭಿಪ್ರಾಯವನ್ನು ಎತ್ತಿಹಿಡಿದ ಮೇಲೆ ಆ ವರ್ಷವೇ ಪಾಸ್‌ಪೋರ್ಟು ಕಾಯಿದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಪಾಸ್‌ಪೋರ್ಟನ್ನು ಹಿಂದಕ್ಕೆ ಪಡೆಯುವ ಕ್ರಮ ನ್ಯಾಯಸಮ್ಮತವೂ ಸಮಂಜಸವೂ ಆಗಿರಬೇಕು, ಆ ವ್ಯಕ್ತಿಯ ಮಾತನ್ನು ಕೇಳಬೇಕು ಎಂಬ ತತ್ತ್ವ ಸ್ಥಿರಪಟ್ಟಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ದಾವೆಯ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿದರು. ಅಂದು ಪುಟ್ಟಸ್ವಾಮಿಯವರ ವಯಸ್ಸು ತೊಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಮನುಷ್ಯನಿಗೆ ತನಗಾಗಿ ಬೇಕಾದದ್ದು ಏನಿರುತ್ತದೆ! ಹಕ್ಕಿಗೆ ಮಿತಿಯಿಲ್ಲವೆಂದು ಆ ತೀರ್ಪು ಹೇಳಲಿಲ್ಲ. ಮಿತಿ ಹಾಕುವವನು ಕಾನೂನಿನ ಆಧಾರವನ್ನೂ ಉಚಿತವಾದ ಉದ್ದೇಶವನ್ನೂ ತೋರಿಸಬೇಕು, ಮಾಡಿದ ಕ್ರಮ ಉದ್ದೇಶದ ಪ್ರಮಾಣವನ್ನು ಮೀರಬಾರದು ಎಂದಿತು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ದೇಶದೊಳಗಿನ ಪಯಣಕ್ಕೆ ಮುಖವನ್ನೇ ರಹದಾರಿಯನ್ನಾಗಿ ಮಾಡುವ ಡಿಜಿ ಯಾತ್ರಾ ಎಂಬ ಏರ್ಪಾಟಿದೆ; 2025ರ ಜನವರಿಯಲ್ಲಿ ಹೊರದೇಶಕ್ಕೆ ಹೋಗುವವರಿಗೂ, ಮುಂಚಿತವಾಗಿ ಬೆರಳು ಮತ್ತು ಮುಖದ ಗುರುತು ಕೊಟ್ಟರೆ, ವಲಸೆ ತಪಾಸಣೆಯನ್ನು ಬೇಗ ಮುಗಿಸುವ ಬಾಗಿಲು ತೆರೆಯಿತು. ಎರಡೂ ಐಚ್ಛಿಕವೆಂದು ಹೇಳಲಾಗಿದೆ. ಐಚ್ಛಿಕವೆಂಬ ಮಾತು ಟ್ರಾನ್ಸ್‌ವಾಲಿನ ಕಥೆ ಬಲ್ಲವರ ಕಿವಿಯನ್ನು ನಿಮಿರಿಸುತ್ತದೆ. ಕೊಡದವನ ಸಾಲು ದಿನೇ ದಿನೇ ಉದ್ದವಾಗುತ್ತ, ಕೊಟ್ಟವನ ಸಾಲು ಗಿಡ್ಡವಾಗುತ್ತ ಹೋದರೆ ಇಚ್ಛೆ ಎಂಬುದು ಎಷ್ಟು ದಿನ ಇಚ್ಛೆಯಾಗಿ ಉಳಿದೀತು? ವಿದ್ಯಾವಂತರು ಈ ಪ್ರಶ್ನೆಯನ್ನು ಕೇಳುತ್ತಲೇ ಇರಬೇಕು. ಏಕೆಂದರೆ ವಿಮಾನ ತಪ್ಪುವ ಆತುರದಲ್ಲಿರುವವನು ಕೇಳಲಾರ.

ದಾಖಲೆಯ ಇನ್ನೊಂದು ಮುಖವನ್ನೂ ಮರೆಯಬಾರದು. ಅಜ್ಜಂಪುರಕ್ಕೆ ನೆರೆಯದಾದ ಚನ್ನಗಿರಿ ತಾಲ್ಲೂಕಿನಲ್ಲಿಯೂ ದೂರದ ಹುಣಸೂರಿನಲ್ಲಿಯೂ ಹಕ್ಕಿಪಿಕ್ಕಿ ಜನರ ವಸತಿಗಳಿವೆ. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆಗಳನ್ನು ಮಾರುತ್ತ ಅವರು ಆಫ್ರಿಕದ ದೇಶಗಳವರೆಗೆ ಹೋಗುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಸೇನಾಬಣಗಳ ಕಾಳಗ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಇವರೂ ಇದ್ದರು. ಭಾರತ ಸರ್ಕಾರ ಕಾವೇರಿ ಎಂಬ ಹೆಸರಿನ ಕಾರ್ಯಾಚರಣೆಯಿಂದ ಅವರನ್ನು ಹಡಗು, ವಿಮಾನಗಳಲ್ಲಿ ಮರಳಿ ತಂದಿತು. ಒಂದು ಕಾಲಕ್ಕೆ ಅಲೆಮಾರಿಯ ಹೆಸರನ್ನು ಪಟ್ಟಿಯಲ್ಲಿ ಬರೆಯುತ್ತಿದ್ದುದು ಅವನನ್ನು ಕಟ್ಟಿಹಾಕಲು. ಪೋರ್ಟ್ ಸುಡಾನಿನ ಬಂದರಿನಲ್ಲಿ ಹೆಸರನ್ನು ಪಟ್ಟಿಯಲ್ಲಿ ಕಂಡವನಿಗೆ ಅದು ಮನೆಯ ದಾರಿಯಾಯಿತು.

ಕೊನೆಗೆ, ಈ ಸೀಮೆಗೇ ವಿಶೇಷವಾದ ಒಂದು ತೊಡಕುಂಟು. ತರೀಕೆರೆಯ ಕಡೆ ಸುಗ್ಗಿಯ ಕಾಲದಲ್ಲಿ ಅಡಕೆ ಸುಲಿಯುವ ಹೆಂಗಸರ ಬೆರಳುಗಳು ಕತ್ತಿಯ ಅಲಗಿಗೆ ಸವೆದು, ಚೊಗರಿಗೆ ಕಪ್ಪಾಗಿ, ಗೆರೆಗಳು ಮಾಸಿಹೋಗಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ಇಂತಹವರು ಬೆರಳನ್ನು ಸೆರಗಿಗೆ ಒರೆಸಿ ಒರೆಸಿ, ಒಂದಾದ ಮೇಲೊಂದು ಒತ್ತಿ ನೋಡುವುದು ಹಳ್ಳಿಗಳಲ್ಲಿ ಪರಿಚಿತವಾದ ದೃಶ್ಯ. ಆ ಬೆರಳುಗಳ ದುಡಿಮೆಯಿಂದ ಓದಿದ ಮಗನು ಪರದೇಶದಲ್ಲಿ ನೆಲೆಸಿ ತಾಯಿಯನ್ನು ಕರೆಸಿಕೊಂಡಾಗ ಆಕೆಯೂ ಅಲ್ಲಿನ ಗಾಜಿನ ಫಲಕದ ಮೇಲೆ ಕೈಯಿಡಬೇಕಾಗುತ್ತದೆ. ಯೂರೋಪಿನ ಹೊಸ ನಿಯಮವು ಇದನ್ನು ಮುಂದಾಗಿಯೇ ಯೋಚಿಸಿದೆ. ಹನ್ನೆರಡು ವರ್ಷ ತುಂಬದ ಮಕ್ಕಳಿಗೆ ಬೆರಳಮುದ್ರೆಯಿಂದ ವಿನಾಯಿತಿಯುಂಟು, ಮುದ್ರೆ ಕೊಡಲು ದೇಹದಿಂದಲೇ ಅಸಾಧ್ಯವಾದವರಿಗೂ ಉಂಟು. ಆದರೆ ಆ ಅಸಾಧ್ಯತೆ ತಾತ್ಕಾಲಿಕವೆಂದು ಅಧಿಕಾರಿಗೆ ತೋರಿದರೆ ಹಾಗೆಂದು ಬರೆದುಕೊಂಡು, ಮರಳಿ ಹೋಗುವಾಗಲೋ ಮುಂದಿನ ಸಲ ಬಂದಾಗಲೋ ಬೆರಳನ್ನು ಪುನಃ ಕೇಳಲಾಗುತ್ತದೆ.